ಸದ್ದಿಲ್ಲದ ಟ್ರೇ

ಸ್ಟೀಲ್ ಟ್ರೇಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಮೇಲಿನ ಸ್ಟೋರ್ ರೂಮಿಗೆ ಸಾಗಿಸಿದಾಗ ಆಪರೇಷನ್ ಥಿಯೇಟರಿನವರು ಒಬ್ಬರೂ ಬಾಯಿ ಬಿಡಲಿಲ್ಲ. ಬಾಯಿ ಬಿಡುವುದು ಆ ಆಸ್ಪತ್ರೆಯಲ್ಲಿ ವಾಡಿಕೆಯಲ್ಲ. ಅದಕ್ಕೇ ತಾನೆ ಟ್ರೇ ಇದ್ದದ್ದು.

ಹೊಳೆನರಸೀಪುರದ ಜನ ಅದನ್ನು ಹೊಸ ಆಸ್ಪತ್ರೆ ಎನ್ನುತ್ತಾರೆ. ಹೊಸದಾಗಿ ಇಪ್ಪತ್ತು ವರ್ಷ ಆಗಿದೆ. ಡಾಕ್ಟರ್ ಆತ್ರೇಯ ಅದರ ಒಡೆಯರು, ಸರ್ಜನ್ ಕೂಡ ಅವರೇ. ಅರಕಲಗೂಡು, ಚನ್ನರಾಯಪಟ್ಟಣ ಎರಡೂ ಕಡೆಯಿಂದ ಜನ ಬರುತ್ತಾರೆ. ಹಾಸನದವರೂ ತಮ್ಮೂರಿನ ದೊಡ್ಡ ಆಸ್ಪತ್ರೆಗಳನ್ನು ಬಿಟ್ಟು ಬರುವುದುಂಟು. ಡಾಕ್ಟರ ಕೈ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೂ ಹೌದು. ಬಾಯಿ ಹೇಗೆ ಎಂದು ತಿಳಿಯಬೇಕಾದರೆ ಒಳಗೆ ಕೆಲಸ ಮಾಡುವವರನ್ನು ಕೇಳಬೇಕು. ಅವರು ಹೇಳುವುದಿಲ್ಲ.

ರೂಪಶ್ರೀ ಎಂಬ ನರ್ಸ್ ಒಬ್ಬಳು ಹಿಂದೆ ಹೇಳಿದ್ದಳು. ಆಪರೇಷನ್ ನಡುವೆ ಡಾಕ್ಟರ್ ಕೈಗೆತ್ತಿಕೊಂಡ ಔಷಧದ ಬಾಟಲಿ ಬೇರೆಯದು ಎಂದು ಎಲ್ಲರೆದುರಿಗೆ ಹೇಳಿದ್ದಳು. ಅವಳು ಹೇಳಿದ್ದು ಸರಿಯಾಗಿತ್ತು. ಡಾಕ್ಟರ್ ಬಾಟಲಿ ಬದಲಿಸಿಕೊಂಡರು, ಕೆಲಸ ಮುಗಿಸಿದರು, ಕೈ ತೊಳೆದರು. ಆಮೇಲೆ ಅವಳನ್ನು ಥಿಯೇಟರಿನ ಬಾಗಿಲ ಹೊರಗೆ ಕಾರಿಡಾರಿನಲ್ಲಿ ನಿಲ್ಲಿಸಿದರು. ಟೋಪಿ, ಮಾಸ್ಕ್, ಹಸಿರು ಗೌನು ಯಾವುದನ್ನೂ ತೆಗೆಯುವ ಹಾಗಿರಲಿಲ್ಲ. ಸಂಜೆಯವರೆಗೆ ನಿಂತಿದ್ದಳು. ರೋಗಿಗಳ ಕಡೆಯವರು ಅವಳನ್ನು ಕ್ಯಾಂಟೀನ್ ಎಲ್ಲಿ, ಬಾತ್‌ರೂಮ್ ಎಲ್ಲಿ ಎಂದು ಕೇಳಿಕೊಂಡು ಹೋದರು. ಯಾಕೆ ನಿಂತಿದ್ದೀಯ ಎಂದು ಒಬ್ಬ ಮುದುಕಿ ಮಾತ್ರ ಕೇಳಿತು. ಆ ವಾರವೇ ರೂಪಶ್ರೀ ಕೆಲಸ ಬಿಟ್ಟಳು. ಕೆಲಸ ಮಾಡಿದ ಅನುಭವದ ಸರ್ಟಿಫಿಕೇಟ್ ಕೊಡಲಿಲ್ಲ. ಅದಿಲ್ಲದೆ ಬೇರೆ ಆಸ್ಪತ್ರೆಯವರು ಸೇರಿಸಿಕೊಳ್ಳಲಿಲ್ಲ. ಈಗ ಹಾಸನದ ಒಂದು ಸೀರೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಹಾಸುತ್ತಾಳೆ.

ಆಮೇಲೆ ಟ್ರೇ ದಾರಿ ಕಂಡುಹಿಡಿದದ್ದು ಸುವರ್ಣಮ್ಮ. ಅಲ್ಲಿನ ಹಿರಿಯ ನರ್ಸು. ಡಾಕ್ಟರ ಕೈ ತಪ್ಪುವ ಹಾಗೆ ಕಂಡರೆ ಸ್ಟೀಲ್ ಟ್ರೇ ಅಂಚಿಗೆ ಇಕ್ಕಳದಿಂದ ಎರಡು ಸಲ ಬಡಿಯಬೇಕು. ಟಣ್, ಟಣ್. ಡಾಕ್ಟರ್ ನಿಲ್ಲುತ್ತಾರೆ. ಕೈಯಲ್ಲಿರುವುದನ್ನು ನೋಡುತ್ತಾರೆ, ಮುಂದಿರುವುದನ್ನು ನೋಡುತ್ತಾರೆ. ತಪ್ಪನ್ನು ತಾವೇ ಹುಡುಕಿಕೊಂಡು ತಾವೇ ಸರಿಮಾಡಿಕೊಳ್ಳುತ್ತಾರೆ. ನಂತರ, ಯಾರದು ಗಲಾಟೆ, ಎಂದು ಗದರುತ್ತಾರೆ. ಸಾರಿ ಸಾ, ಕೈ ಜಾರ್ತು, ಎಂದು ಬಡಿದವಳು ಹೇಳುತ್ತಾಳೆ. ಅಲ್ಲಿಗೆ ಮುಗಿಯಿತು. ಡಾಕ್ಟರು ತಪ್ಪಿದರು ಎಂದು ಯಾರೂ ಹೇಳಲಿಲ್ಲ, ಒಂದು ಟ್ರೇ ಸದ್ದಾಯಿತು, ಅಷ್ಟೆ. ಅದು ಯಾಕೆ ಸದ್ದಾಗುತ್ತದೆ ಎಂದು ಡಾಕ್ಟರಿಗೆ ಗೊತ್ತಿತ್ತು. ಅವರಿಗೆ ಗೊತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಹೊಸದಾಗಿ ಸೇರಿದ ಹುಡುಗಿಯರಿಗೆ ಸುವರ್ಣಮ್ಮ ಕೈ ತೊಳೆಯುವುದನ್ನು ಕಲಿಸುವ ಮುಂಚೆ ಇದನ್ನು ಕಲಿಸುತ್ತಿದ್ದರು.

ಧನ್ಯಾಗೂ ಹಾಗೇ ಕಲಿಸಿದ್ದರು. ಅವಳು ನುಗ್ಗೇಹಳ್ಳಿ ಕಡೆಯವಳು. ಮನೆಯವರು ತೆಂಗು, ರಾಗಿ ಬೆಳೆಯುವವರು, ಆ ಮನೆಯಲ್ಲಿ ಸಂಬಳದ ಕೆಲಸಕ್ಕೆ ಬಂದ ಮೊದಲನೆಯವಳು ಇವಳೇ. ಎರಡು ವರ್ಷ ಮುಗಿಸಿದರೆ ಅನುಭವದ ಸರ್ಟಿಫಿಕೇಟ್ ಸಿಗುತ್ತಿತ್ತು. ಅದು ಸಿಕ್ಕರೆ ಹಾಸನದ ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲಸ ಗಟ್ಟಿ, ಅಲ್ಲಿಯವರು ಆಗಲೇ ಬಾ ಎಂದಿದ್ದರು. ಇನ್ನು ಒಂದು ತಿಂಗಳು ಉಳಿದಿತ್ತು. ಒಂದು ತಿಂಗಳು ಬಾಯಿ ಮುಚ್ಚಿಕೊಂಡಿರುವುದು ಅವಳಿಗೆ ಕಷ್ಟದ ಕೆಲಸವಾಗಿ ಕಂಡಿರಲಿಲ್ಲ. ಇಪ್ಪತ್ಮೂರು ತಿಂಗಳು ಹಾಗೇ ಇದ್ದವಳು.

ಆ ಹೊತ್ತಿಗೆ ಆಸ್ಪತ್ರೆಗೆ ಯಾವುದೋ ದೊಡ್ಡ ಮಾನ್ಯತೆ ಬೇಕಾಗಿತ್ತು. ಆಡಳಿತ ನೋಡಿಕೊಳ್ಳುವವರು ಡಾಕ್ಟರ ಹೆಂಡತಿ ಶ್ರೀಗೌರಿ. ಅವರು ಹಾಸನದ ಹೋಟೆಲೊಂದರಲ್ಲಿ ಒಂದು ದಿನದ ತರಬೇತಿಗೆ ಹೋಗಿ ಬಂದರು. ಬರುವಾಗ ಒಂದು ಪೋಸ್ಟರ್ ತಂದರು. 'ಇಲ್ಲಿ ಯಾರು ಬೇಕಾದರೂ ಭಯವಿಲ್ಲದೆ ಮಾತನಾಡಬಹುದು' ಎಂದು ಅದರಲ್ಲಿ ಬರೆದಿತ್ತು. ಬಾಯಿ ತೆರೆದು ನಗುವ ನರ್ಸಿನ ಚಿತ್ರವೂ ಇತ್ತು. ಅದನ್ನು ಥಿಯೇಟರ್ ಬಾಗಿಲ ಪಕ್ಕ ಅಂಟಿಸಿದರು. ರೂಪಶ್ರೀ ಬೆನ್ನು ಒರಗಿಸಿ ನಿಂತಿದ್ದ ಗೋಡೆ ಅದು. ಶ್ರೀಗೌರಿಗೆ ಅದು ಗೊತ್ತಿರಲಿಲ್ಲ, ಕೆಟ್ಟ ಹೆಂಗಸಲ್ಲ. ಎಲ್ಲರನ್ನೂ ಸೇರಿಸಿ ಮೀಟಿಂಗ್ ಮಾಡಿದರು. ನಿಮಗೆ ಇಲ್ಲಿ ಮಾತಾಡೋಕೆ ಭಯ ಇದೆಯಾ, ಎಂದು ಪ್ರೀತಿಯಿಂದ ಕೇಳಿದರು. ಇಲ್ಲ ಮೇಡಂ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಚಪ್ಪಾಳೆ ಆಯಿತು. ಟೀ ಮತ್ತು ಖಾರ ಬನ್ ಕೊಟ್ಟರು.

ಶ್ರೀಗೌರಿ ಇನ್ನೆರಡು ಸುಧಾರಣೆ ಮಾಡಿದರು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ ರೋಗಿಗಳು ಎಚ್ಚರವಾಗಿಯೇ ಇರುತ್ತಾರೆ, ಪಾತ್ರೆ ಸದ್ದಿಗೆ ಬೆದರುತ್ತಾರೆ ಎಂದು ಸ್ಟೀಲ್ ಟ್ರೇ ತೆಗೆಸಿ ನೀಲಿ ಪ್ಲಾಸ್ಟಿಕ್ ಟ್ರೇ ತರಿಸಿದರು. ಟ್ರಾಲಿಗಳ ಮೇಲೆ ರಬ್ಬರ್ ಹಾಸಿದರು. ಇನ್ನೊಂದು, ಥಿಯೇಟರಿನ ಮೇಜನ್ನು ಹಿಂದುಮುಂದು ತಿರುಗಿಸಿದರು. ರೋಗಿಯ ತಲೆ ಆಕ್ಸಿಜನ್ ಪೈಪಿನ ಹತ್ತಿರ ಇರಬೇಕು ಎಂದು ಮಾನ್ಯತೆಗಾಗಿ ಆಸ್ಪತ್ರೆ ನೋಡಲು ಬಂದವರು ಹೇಳಿದ್ದರು. ಸರಿಯಾದ ಮಾತೇ. ಆದರೆ ಡಾಕ್ಟರ್ ಆತ್ರೇಯ ಇಪ್ಪತ್ತು ವರ್ಷದಿಂದ ರೋಗಿಯ ಎಡಗಡೆ ಕೆಲಸವಿದ್ದರೆ ಕಿಟಕಿ ಪಕ್ಕ ನಿಲ್ಲುತ್ತಿದ್ದರು, ಬಲಗಡೆ ಇದ್ದರೆ ಬಾಗಿಲ ಪಕ್ಕ. ಅವರ ಕಾಲಿಗೆ ಎಡ ಬಲ ಎಂದರೆ ಕಿಟಕಿ ಮತ್ತು ಬಾಗಿಲು. ಮೇಜು ತಿರುಗಿದ ಮೇಲೆ ಕಿಟಕಿ ರೋಗಿಯ ಬಲಕ್ಕೆ ಬಂತು. ಯಾರಾದರೂ ಅವರಿಗೆ ಒಂದು ಮಾತು ನೆನಪಿಸಬಹುದಿತ್ತು. ಡಾಕ್ಟರಿಗೆ ಎಡ ಬಲ ಹೇಳಿಕೊಡುವವರು ಯಾರು?

ಮೇಜು ತಿರುಗಿದ ಮೇಲೆ ಬಂದ ಮೊದಲ ಹರ್ನಿಯಾ ಸಿದ್ದೇಶ್ವರ ಮೇಷ್ಟ್ರದು. ಅರಕಲಗೂಡಿನ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುವವರು. ನಿಂತರೆ ಎಡ ತೊಡೆಸಂದಿಯಲ್ಲಿ ಲಿಂಬೆಹಣ್ಣಿನಷ್ಟು ಉಬ್ಬು ಬರುತ್ತಿತ್ತು, ಮಲಗಿದರೆ ಒಳಗೆ ಹೋಗಿ ಕಾಣೆಯಾಗುತ್ತಿತ್ತು. ಬೆಳಿಗ್ಗೆ ಆಪರೇಷನ್ನಿಗೆ ಸಿದ್ಧಮಾಡುವಾಗ ಭಾರ ಏನಾದರೂ ಎತ್ತುತ್ತೀರಾ ಎಂದು ಧನ್ಯಾ ಕೇಳಿದಳು.

"ಮೇಷ್ಟ್ರು ಏನ್ ಭಾರ ಎತ್ತಾರವ್ವ, ಚಾಕ್‌ಪೀಸು," ಎಂದರು. ಆಮೇಲೆ ತಾವೇ, "ಬೆಂಚು ಎತ್ತೀನಿ," ಎಂದರು.

ಬೆಂಚಿನ ಕತೆ ಅವರು ತಮಾಷೆಯಾಗಿಯೇ ಹೇಳಿದರು. ಎಂಟನೇ ಕ್ಲಾಸಿನ ಕೋಣೆಯ ಒಂದು ಮೂಲೆಯಲ್ಲಿ ತಾರಸಿಯ ಗಾರೆ ಉಬ್ಬಿಕೊಂಡಿದೆ. ಒಮ್ಮೊಮ್ಮೆ ಕೆಳಗಿನ ಬೆಂಚಿನ ಮೇಲೆ ಪುಡಿ ಬಿದ್ದಿರುತ್ತದೆ. ಆ ಕೋಣೆ ಕಟ್ಟಿಸಿದವರು ಶಾಲೆಯ ಸೆಕ್ರೆಟರಿ, ಅದಕ್ಕೆ ತಮ್ಮ ತಂದೆಯ ಹೆಸರಿಟ್ಟಿದ್ದಾರೆ. ಹಿಂದೆ ಸ್ಟಾಫ್ ಮೀಟಿಂಗಿನಲ್ಲಿ ಬಿಲ್ಡಿಂಗಿನ ವಿಷಯ ತೆಗೆದ ವಿಜ್ಞಾನದ ಮೇಡಮ್ಮಿಗೆ, ನೀವು ಯಾವಾಗ ಇಂಜಿನಿಯರಿಂಗ್ ಪಾಸ್ ಮಾಡಿದ್ರಿ, ಎಂದು ಸೆಕ್ರೆಟರಿ ಕೇಳಿದ್ದರಂತೆ. ಎಲ್ಲರೂ ನಕ್ಕರಂತೆ. ಮೇಷ್ಟ್ರೂ ನಕ್ಕರಂತೆ. ಅಂದಿನಿಂದ ಅವರು ದಿನಾ ಪ್ರಾರ್ಥನೆಗೆ ಮುಂಚೆ ಹೋಗಿ ಆ ಮೂಲೆಯ ಬೆಂಚುಗಳನ್ನು ಎತ್ತಿ ನಡುವಿಗೆ ತಂದು ಹಾಕುತ್ತಾರೆ. ಎಳೆದರೆ ಸದ್ದಾಗುತ್ತದೆ, ಅದಕ್ಕೇ ಎತ್ತುವುದು. ಸಾಲು ನೆಟ್ಟಗಿರಬೇಕು ಎಂದು ಸೆಕ್ರೆಟರಿಯ ಆಜ್ಞೆ ಇರುವುದರಿಂದ ಸಂಜೆ ಗುಡಿಸುವವರು ಮತ್ತೆ ಮೂಲೆಗೆ ಸೇರಿಸುತ್ತಾರೆ. ಬೆಳಿಗ್ಗೆ ಮತ್ತೆ ಮೇಷ್ಟ್ರು.

ಧನ್ಯಾ ನಕ್ಕಳು. ಯೋಳ್ಬಾರ್ದಾ ಸಾ, ಎಂದು ಕೇಳಲು ಬಾಯಿ ತೆರೆದವಳು ಕೇಳಲಿಲ್ಲ. ಕೇಳುವಂಥದ್ದೇನೂ ಇರಲಿಲ್ಲ.

"ಎಡಗಡೆ ತಾನೆ ಸಾ?" ಎಂದಳು.

"ಎಡಗಡೇನೆ. ಮೀಟಿಂಗ್‌ನಾಗೆ ನಮ್ ಸೆಕ್ರೆಟ್ರಿ ಕೂರೋ ಕಡೆ."

ಬೆನ್ನಿಗೆ ಇಂಜೆಕ್ಷನ್ ಕೊಟ್ಟವರು ಡಾಕ್ಟರ್ ವಿಶ್ವಾಸ್. ಹಾಸನದಿಂದ ಬರುವ ಅರಿವಳಿಕೆಯ ಡಾಕ್ಟರು. ಬೆಳಿಗ್ಗೆ ಇಲ್ಲಿ, ಮಧ್ಯಾಹ್ನ ಚನ್ನರಾಯಪಟ್ಟಣ, ಸಂಜೆ ಇನ್ನೆಲ್ಲೋ. ಎಲ್ಲ ಆಸ್ಪತ್ರೆಗೂ ಬೇಕಾದವರು, ಯಾಕೆಂದರೆ ಯಾವ ಆಸ್ಪತ್ರೆಯ ವಿಷಯಕ್ಕೂ ಹೋದವರಲ್ಲ. ಇಂಜೆಕ್ಷನ್ ಕೊಟ್ಟರು, ಕಾಲು ಮರಗಟ್ಟಿತಾ ಎಂದು ಕೇಳಿದರು, ಸ್ಟೂಲಿನ ಮೇಲೆ ಕೂತು ಫೋನ್ ತೆಗೆದರು. ಮೇಷ್ಟ್ರ ಎದೆಯ ಹತ್ತಿರ ಅಡ್ಡ ಪರದೆ ಕಟ್ಟಿದರು. ಅತ್ತ ಅವರ ಮುಖ, ಇತ್ತ ಅವರ ಹೊಟ್ಟೆ.

ಡಾಕ್ಟರ್ ಆತ್ರೇಯ ಕೈ ತೊಳೆದು ಬಂದರು, ನೇರ ಕಿಟಕಿ ಪಕ್ಕ ಹೋಗಿ ನಿಂತರು. ಎದುರುಗಡೆ ಧನ್ಯಾ, ಪಕ್ಕದಲ್ಲಿ ಅವಳ ಟ್ರಾಲಿ, ಸಾಮಾನು ಎತ್ತಿಕೊಡಲು ಸುವರ್ಣಮ್ಮ. ಡಾಕ್ಟರ್ ಕಂದು ಔಷಧ ಸವರಿದರು. ಹಸಿರು ಬಟ್ಟೆ ಹಾಸಿದರು. ಬಟ್ಟೆಯ ನಡುವಿನ ತೂತು ಬಲ ತೊಡೆಸಂದಿಯ ಮೇಲೆ ಬಂದು ಕೂತಾಗ ಧನ್ಯಾ ಕಂಡಳು. ಮೊದಲು ತನಗೇ ಎಡ ಬಲ ತಪ್ಪಿತೇನೋ ಎಂದುಕೊಂಡಳು. ಪರದೆಯಾಚೆ ಮೇಷ್ಟ್ರ ತಲೆ ಯಾವ ಕಡೆ ಇದೆ ನೋಡಿದಳು, ತನ್ನ ಕೈ ನೋಡಿಕೊಂಡಳು. ತಪ್ಪಿರಲಿಲ್ಲ.

ಇಕ್ಕಳ ತೆಗೆದು ಟ್ರೇ ಅಂಚಿಗೆ ಎರಡು ಸಲ ಬಡಿದಳು.

ಟಪ್, ಟಪ್. ಒದ್ದೆ ಬಟ್ಟೆಯ ಮೇಲೆ ಬೆರಳು ಬಡಿದ ಹಾಗೆ. ಎ.ಸಿ. ಸದ್ದು ಅದನ್ನು ನುಂಗಿತು. ಅವಳು ಮತ್ತೆ ಬಡಿದಳು, ಜೋರಾಗಿ. ಪ್ಲಾಸ್ಟಿಕ್ ಬಗ್ಗಿತು, ರಬ್ಬರು ಸುಮ್ಮನಿತ್ತು. ಡಾಕ್ಟರ್ ಬಲಗೈ ಚಾಚಿ ಚಾಕು ಎಂದರು.

ಧನ್ಯಾ ಸುವರ್ಣಮ್ಮನ ಕಡೆ ನೋಡಿದಳು. ಸುವರ್ಣಮ್ಮನೂ ಕಂಡಿದ್ದರು. ಮಾಸ್ಕಿನ ಮೇಲಿನ ಅವರ ಕಣ್ಣು ದೊಡ್ಡದಾಗಿತ್ತು. ಅವರು ಸುತ್ತ ನೋಡಿದರು, ಬಡಿಯಲು ಏನಾದರೂ ಇದೆಯೇ ಎಂದು. ಬೋಗುಣಿ, ಡಬ್ಬ, ಬಕೆಟ್ಟು, ಎಲ್ಲ ನೀಲಿ ಪ್ಲಾಸ್ಟಿಕ್ಕು. ಕೊನೆಗೆ ಕೆಮ್ಮಿದರು. ಎರಡು ಸಲ.

"ಕೆಮ್ಮಿದ್ರೆ ಆಚೆ ಹೋಗಿ ಸುವರ್ಣಮ್ಮ. ಇದು ಥಿಯೇಟರು," ಎಂದರು ಡಾಕ್ಟರ್, ತಲೆ ಎತ್ತದೆ. ಕೈ ಚಾಚಿಯೇ ಇತ್ತು.

ಆ ಕೈ ಖಾಲಿ ಇರುವಷ್ಟು ಹೊತ್ತು ಏನನ್ನಾದರೂ ಹೇಳಬಹುದಿತ್ತು. ಧನ್ಯಾ ಚಾಕು ಇಟ್ಟಳು. ಕೈಗೆ ಅಭ್ಯಾಸ ಇತ್ತು, ಇಟ್ಟಿತು. ಚಾಕು ಗೆರೆ ಎಳೆಯಿತು, ಚರ್ಮ ಬಾಯಿ ಬಿಟ್ಟಿತು, ಅಂಚಿನಲ್ಲಿ ರಕ್ತ ಸಾಲಾಗಿ ಹನಿಯಿತು.

"ಸಾರ್, ಇದು ಬಲಗಡೆ," ಎಂದಳು.

ಕೂಗಲಿಲ್ಲ. ಹತ್ತಿ ಕೊಡಲಾ ಎಂದು ಕೇಳುವ ದನಿಯಲ್ಲೇ ಹೇಳಿದಳು. ಡಾಕ್ಟರ ಕೈ ನಿಂತಿತು.

"ಏನಂದೆ?"

"ಹರ್ನಿಯಾ ಎಡಗಡೆ ಇರೋದು ಸಾರ್. ನೀವು ಬಲಗಡೆ ಕುಯ್ದಿದ್ದೀರ."

ಆಗ ಪರದೆಯಾಚೆಯಿಂದ ಮೇಷ್ಟ್ರ ದನಿ ಬಂತು. ಅವರು ಅಲ್ಲಿದ್ದಾರೆ ಎಂಬುದನ್ನು ಎಲ್ಲರೂ ಮರೆತಿದ್ದರು.

"ಹೌದು ಸರ್, ನಂದು ಎಡಗಡೆ. ಆ ಕಡೆ ಏನೋ ಒತ್ತಿದಂಗಾಯ್ತು. ನಿಮ್ಗೆ ಗೊತ್ತಿರ್ತದೆ ಅಂತ ಸುಮ್ನಿದ್ದೆ."

ಡಾಕ್ಟರ್ ಒಂದು ಕ್ಷಣ ಕಿಟಕಿ ನೋಡಿದರು. ಮೇಜು ನೋಡಿದರು. ಮತ್ತೆ ಕಿಟಕಿ ನೋಡಿದರು.

"ವಿಶ್ವಾಸ್, ಇವರಿಗೆ ಸ್ವಲ್ಪ ನಿದ್ದೆ ಬರಿಸಿ," ಎಂದರು.

ವಿಶ್ವಾಸ್ ಫೋನನ್ನು ಜೇಬಿಗಿಟ್ಟು ಎದ್ದರು, ಏನೂ ಕೇಳದೆ ಕೈಯ ನಳಿಕೆಗೆ ಔಷಧ ಬಿಟ್ಟರು. ಅಲ್ಲ ಸರ್, ನಾನು, ಎಂದು ಶುರುಮಾಡಿದ ಮೇಷ್ಟ್ರ ಮಾತು ಅರ್ಧಕ್ಕೇ ಮಲಗಿತು. ಡಾಕ್ಟರ್ ಬಲಗಡೆಯನ್ನು ಹೊಲಿದು ಮುಚ್ಚಿದರು. ಸುತ್ತು ಹಾಕಿ ಬಾಗಿಲ ಪಕ್ಕ ಬಂದು ನಿಂತರು. ಮತ್ತೆ ಔಷಧ, ಮತ್ತೆ ಬಟ್ಟೆ. ಎಡಗಡೆಯ ಕೆಲಸವನ್ನು ಚೆನ್ನಾಗಿ ಮಾಡಿದರು. ಆ ಕೈ ನಿಜಕ್ಕೂ ಒಳ್ಳೆಯದು. ಯಾರದು ಗಲಾಟೆ ಎಂದು ಅವತ್ತು ಕೇಳಲಿಲ್ಲ.

ಹೊರಗೆ ಕಾದಿದ್ದ ಮೇಷ್ಟ್ರ ಹೆಂಡತಿಗೆ ಡಾಕ್ಟರೇ ಹೋಗಿ ಹೇಳಿದರು. ಇನ್ನೊಂದು ಕಡೆಯೂ ವೀಕ್ ಇತ್ತು, ಮುಂದೆ ತೊಂದರೆ ಆಗಬಾರದು ಎಂದು ಅದನ್ನೂ ನೋಡಿ ಭದ್ರ ಮಾಡಿದ್ದೇವೆ ಎಂದರು. ಆಕೆ ಕೈ ಮುಗಿದರು.

ಮಧ್ಯಾಹ್ನ ಧನ್ಯಾ ಮತ್ತು ಸುವರ್ಣಮ್ಮನನ್ನು ಡಾಕ್ಟರ ಕೋಣೆಗೆ ಕರೆಸಿದರು. ಶ್ರೀಗೌರಿಯೂ ಇದ್ದರು. ಅವರಿಗೆ ನಿಜಕ್ಕೂ ನೋವಾಗಿತ್ತು.

"ಅಷ್ಟು ದೊಡ್ಡ ಪೋಸ್ಟರ್ ಹಾಕಿದೀನಿ. ಚಾಕು ಇಡೋಕೆ ಮುಂಚೆ ಹೇಳೋಕೆ ಏನಾಗಿತ್ತು ನಿನಗೆ?"

"ಪೇಷಂಟ್ ಎಚ್ಚರ ಇದಾನೆ," ಎಂದರು ಡಾಕ್ಟರ್, ಹೆಂಡತಿಯ ಮಾತು ಮುಗಿಯುವ ಮೊದಲೇ. "ಅವನ ಕಿವಿಗೆ ಬೀಳೋ ಹಂಗೆ ಹೇಳ್ತೀಯಲ್ಲ, ಬುದ್ಧಿ ಇದೆಯಾ?"

ಒಬ್ಬರು ಮೊದಲೇ ಯಾಕೆ ಹೇಳಲಿಲ್ಲ ಎನ್ನುತ್ತಿದ್ದರು, ಇನ್ನೊಬ್ಬರು ಯಾಕಾದರೂ ಹೇಳಿದೆ ಎನ್ನುತ್ತಿದ್ದರು. ಒಂದೇ ಸೋಫಾದ ಮೇಲೆ ಕೂತಿದ್ದರು. ಧನ್ಯಾ ಒಬ್ಬರನ್ನು ನೋಡಿದಳು, ಇನ್ನೊಬ್ಬರನ್ನು ನೋಡಿದಳು.

"ಟ್ರೇ ಬಡಿದೆ ಸಾರ್," ಎಂದಳು.

ಡಾಕ್ಟರ್ ಕಣ್ಣು ಕೆಳಗೆ ಹಾಕಿದರು. ಶ್ರೀಗೌರಿ ಮೂವರ ಮುಖವನ್ನೂ ನೋಡಿದರು. "ಟ್ರೇ ಬಡಿದೆ ಅಂದ್ರೆ? ಯಾವ ಟ್ರೇ?"

ಆ ಕೋಣೆಯಲ್ಲಿ ಟ್ರೇ ವಿಷಯ ಗೊತ್ತಿಲ್ಲದವರು ಅವರೊಬ್ಬರೇ. ಉತ್ತರ ಕೊಡಬೇಕಾದವರು ಮೂವರಿದ್ದರು. ಕೊನೆಗೆ ಸುವರ್ಣಮ್ಮ, "ಅದೇನಿಲ್ಲ ಮೇಡಂ, ಕೈ ಜಾರ್ತು ಅಂತಾವ್ಳೆ," ಎಂದರು.

ಡಾಕ್ಟರ್ ದನಿ ತಗ್ಗಿಸಿ ಮುಂದಿನದನ್ನು ಹೇಳಿದರು. ಮೇಷ್ಟ್ರು ಕೇಳಿದರೆ ಎರಡೂ ಕಡೆ ವೀಕ್ ಇತ್ತು ಎನ್ನಬೇಕು. ಕೊಟ್ಟ ಇಂಜೆಕ್ಷನ್ನಿಗೆ ಅವರಿಗೆ ಹೆಚ್ಚೇನೂ ನೆನಪಿರುವುದಿಲ್ಲ. ಧನ್ಯಾಗೆ ಇನ್ನೊಂದು ತಿಂಗಳಿದೆ ಎಂಬುದು ತಮಗೆ ಗೊತ್ತಿದೆ. ಸರ್ಟಿಫಿಕೇಟಿಗೆ ತಾವೇ ಸಹಿ ಹಾಕುತ್ತೇವೆ, ಹಾಸನದವರಿಗೆ ಫೋನ್ ಮಾಡಿ ಒಳ್ಳೆಯ ಮಾತೂ ಹೇಳುತ್ತೇವೆ. ಈ ತಿಂಗಳು ನೆಟ್ಟಗಿದ್ದರೆ ಸಾಕು. ಧನ್ಯಾ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಅದನ್ನು ಡಾಕ್ಟರ್ ಹೂಂ ಎಂದೇ ತಿಳಿದುಕೊಂಡರು. ಅಲ್ಲಿ ಯಾವಾಗಲೂ ಹಾಗೇ ತಿಳಿದುಕೊಳ್ಳುವುದು.

ಸಂಜೆಯೊಳಗೆ ಗೋಣಿಚೀಲ ಕೆಳಗೆ ಬಂತು. ಪ್ಲಾಸ್ಟಿಕ್ ತಮ್ಮ ಕೈಗೆ ಒಗ್ಗುವುದಿಲ್ಲ ಎಂದು ಡಾಕ್ಟರ್ ಹೆಂಡತಿಗೆ ಹೇಳಿದ್ದರು. ಸುವರ್ಣಮ್ಮ ಒಂದೊಂದೇ ಟ್ರೇ ಒರೆಸಿ ಜೋಡಿಸಿದರು. ಒಂದನ್ನು ಬೆರಳಿನಿಂದ ಚಿಮ್ಮಿ ಸದ್ದು ಕೇಳಿದರು.

"ಬಂತು ನೋಡವ್ವ ನಮ್ ಬಾಯಿ," ಎಂದರು.

ಮೇಜು ಮಾತ್ರ ತಿರುಗಿಸಿದ ಹಾಗೆಯೇ ಉಳಿಯಿತು. ಅದರ ಸುದ್ದಿ ತೆಗೆದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು.

ಮೇಷ್ಟ್ರನ್ನು ಮನೆಗೆ ಕಳಿಸುವ ದಿನ ಅವರ ಗಾಯಗಳ ಪಟ್ಟಿ ಬದಲಿಸುವ ಕೆಲಸ ಧನ್ಯಾದು. ಹೆಂಡತಿ ಬ್ಯಾಗ್ ತುಂಬುತ್ತ ಡಾಕ್ಟರನ್ನು ಹೊಗಳುತ್ತಿದ್ದರು. ಒಂದು ಕಡೆಗೆ ಬಂದರೆ ಎರಡೂ ಕಡೆ ನೋಡಿ ಕಳಿಸುವವರು ಈ ಕಾಲದಲ್ಲಿ ಯಾರಿದ್ದಾರೆ ಎನ್ನುತ್ತಿದ್ದರು. ಮೇಷ್ಟ್ರು ಆಕೆಯನ್ನು ಕಾಫಿ ತರಲು ಕಳಿಸಿದರು. ಆಕೆ ಬಾಗಿಲು ದಾಟಿದ ಮೇಲೆ ಮೆಲ್ಲಗೆ ಕೇಳಿದರು.

"ಸಿಸ್ಟರ್, ಈ ಕಡೇನೂ ವೀಕ್ ಇತ್ತಾ ನಂಗೆ?"

ಧನ್ಯಾ ಹಳೆಯ ಪಟ್ಟಿ ಬಿಡಿಸುತ್ತಿದ್ದಳು.

"ಅವತ್ತು ಒಳಗೆ ಯಾರೋ ಇದು ಬಲಗಡೆ ಅಂದಂಗಿತ್ತು. ನಾನೂ ಏನೋ ಅಂದೆ. ಕನಸೋ ಏನೋ. ಅವ್ರು ಇಷ್ಟು ಚೆನ್ನಾಗಿ ನೋಡ್ಕಂಡವ್ರೆ, ನಾನು ಹಿಂಗೆ ಕೇಳೋದು ಸರಿಯಿಲ್ಲ. ಆದ್ರೂ ಮನಸ್ನಾಗೆ ಉಳ್ಕೊಂಬುಟ್ಟದೆ."

ಪಕ್ಕದ ಮಂಚದ ಹತ್ತಿರ ಸುವರ್ಣಮ್ಮ ಇದ್ದರು. ಅವರ ಕೈಯಲ್ಲಿ ಸ್ಟೀಲ್ ಟ್ರೇ ಇತ್ತು.

ಟಣ್, ಟಣ್.

ಧನ್ಯಾಗೆ ಕೇಳಿಸಿತು. ವಾರ್ಡಿನ ಎಲ್ಲರಿಗೂ ಕೇಳಿಸಿತು, ಯಾರೂ ತಿರುಗಿ ನೋಡಲಿಲ್ಲ. ಆಸ್ಪತ್ರೆಯಲ್ಲಿ ಸದ್ದಾಗುತ್ತಲೇ ಇರುತ್ತದೆ. ಆದರೆ ಆ ಸದ್ದು ಇಲ್ಲಿಯವರೆಗೆ ತಪ್ಪು ನಡೆಯುವಾಗ ಬರುತ್ತಿತ್ತು. ಧನ್ಯಾ ಒಂದು ಕ್ಷಣ ತನ್ನ ಕೈಯಲ್ಲಿರುವುದನ್ನು ನೋಡಿದಳು, ಮುಂದಿರುವುದನ್ನು ನೋಡಿದಳು. ಯಾವ ತಪ್ಪೂ ಇಲ್ಲದ ಚರ್ಮದ ಮೇಲೆ ನೆಟ್ಟಗಿನ ಹೊಲಿಗೆ.

"ಕನಸಲ್ಲ ಸಾ. ನಾನೇ ಅಂದಿದ್ದು," ಎಂದಳು. "ತಪ್ಪು ಕಡೆ ಕುಯ್ದ್ರು. ಈ ಕಡೆ ನಿಮ್ಗೆ ಏನೂ ಇರ್ಲಿಲ್ಲ. ಆಮೇಲೆ ಎಡಗಡೆ ಮಾಡುದ್ರು, ಅದು ಸರಿಯಾಗದೆ, ಭಯ ಬ್ಯಾಡ. ನಂಗೆ ಮುಂಚೇನೆ ಕಂಡಿತ್ತು. ಚಾಕು ಕೊಟ್ಟ ಮ್ಯಾಲೆ ಯೋಳ್ದೆ."

ಸುವರ್ಣಮ್ಮ ಟ್ರೇ ಹಿಡಿದುಕೊಂಡು ಹೊರಗೆ ಹೋದರು.

ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಧನ್ಯಾಗೆ ಹಗುರವಾಗುತ್ತಿತ್ತು. ನಿನ್ನೆ ಡಾಕ್ಟರಿಗೆ ಥ್ಯಾಂಕ್ಸ್ ಹೇಳಿಬಿಟ್ಟೆನಲ್ಲ ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ಅವಳ ಕಡೆ ತಿರುಗಿ, "ನಾನು ಯಾರ ಹತ್ರಾನೂ ಬಾಯ್ ಬಿಡಲ್ಲ ಬುಡವ್ವ. ನಿನ್ ಕೆಲ್ಸಕ್ಕೆ ತೊಂದ್ರೆ ಆದಾತು," ಎಂದರು. ಉಪಕಾರ ಮಾಡುವ ದನಿ ಅದು.

ಇಪ್ಪತ್ಮೂರು ತಿಂಗಳಲ್ಲಿ ಅವಳಿಗೆ ಬಾರದ ಕೋಪ ಆಗ ಬಂತು.

"ಬಾಯ್ ಬುಡ್ಬ್ಯಾಡಿ ಅಂತ ನಾನು ಯೋಳ್ಲಿಲ್ಲ ಸಾ," ಎಂದಳು.

ಹೊಸ ಪಟ್ಟಿ ಅಂಟಿಸಿದಳು. ಮನೆಗೆ ಹೋಗುವವರಿಗೆ ಹೇಳುವುದನ್ನೆಲ್ಲ ಕ್ರಮವಾಗಿ ಹೇಳಿದಳು. ಗಾಯ ನೆನೆಸಬಾರದು. ಕೆಮ್ಮುವಾಗ ಕೈ ಒತ್ತಿ ಹಿಡಿಯಬೇಕು. ಮೂರು ತಿಂಗಳು ಭಾರ ಎತ್ತುವ ಹಾಗಿಲ್ಲ.

"ಬೆಂಚು?" ಎಂದರು ಮೇಷ್ಟ್ರು.

"ಬೆಂಚೂ ಇಲ್ಲ. ಎತ್ತಿದ್ರೆ ಹೊಲಿಗೆ ಬುಟ್ಕೊತದೆ."

"ಹಂಗಾದ್ರೆ ಆ ಮೂಲೆ ಮಕ್ಳು?"

ಧನ್ಯಾ ಬಳಸಿದ ಹತ್ತಿಯನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದಳು. ಇವರಿಗೆ ಹೇಳಿಕೊಡಲು ತಾನು ಯಾರು ಎಂದು ಅನ್ನಿಸಿತು. ಹಾಗೆ ಅನ್ನಿಸುವುದೇ ರೋಗ ಎಂದೂ ಅನ್ನಿಸಿತು.

"ಯೋಳ್ಬೇಕು ಸಾ. ಬಾಯಲ್ಲಿ," ಎಂದಳು.

ಮೇಷ್ಟ್ರು ಚಪ್ಪಲಿ ಎಲ್ಲಿ ಎಂದು ಕೇಳಿದರು. ಬಗ್ಗಲು ಆಗುತ್ತಿರಲಿಲ್ಲ, ಅವಳೇ ಕಾಲ ಮುಂದೆ ಇಟ್ಟಳು. ಅವರು ಗೋಡೆ ಹಿಡಿದುಕೊಂಡು, ಎರಡೂ ಕಡೆ ಗಾಯವಿದ್ದುದರಿಂದ ಯಾವ ಕಡೆಗೂ ವಾಲದೆ, ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ಹೊರಟರು. ಬ್ಯಾಗು ಮಂಚದ ಮೇಲೆಯೇ ಇತ್ತು.

ಧನ್ಯಾ ಮುಂದಿನ ಮಂಚದ ಕೆಲಸಕ್ಕೆ ಹೋದಳು. ಅದು ಮುಗಿಯುವ ಮೊದಲೇ ಕೆಳಗಿನಿಂದ ದನಿ ಕೇಳಿಸಿತು. ಡಾಕ್ಟರ್ ಹೊರರೋಗಿಗಳನ್ನು ನೋಡುವ ಹೊತ್ತು. ಅವರ ಬಾಗಿಲ ಮುಂದಿನ ಬೆಂಚುಗಳ ಮೇಲೆ ನಾಲ್ಕೂರ ಜನ ಕೂತಿರುತ್ತಾರೆ. ಹಿಂದಿನ ಸಾಲಿನ ಹುಡುಗರಿಗೂ ಕೇಳಲಿ ಎಂದು ವರ್ಷಗಟ್ಟಲೆ ಮಾತಾಡಿ ಬೆಳೆದ ದನಿ ಅದು. ಅಂಥ ದನಿ ಮೇಷ್ಟ್ರಿಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ಸರ್, ನನ್ನ ಬಲಗಡೆ ಯಾಕೆ ಕುಯ್ದ್ರಿ?"

ಡಾಕ್ಟರು ಏನೋ ಹೇಳಿದ್ದು ಮೇಲಕ್ಕೆ ಕೇಳಿಸಲಿಲ್ಲ. ಮೇಷ್ಟ್ರು ಅದನ್ನೇ ಇನ್ನೊಂದು ಸಲ ಕೇಳಿದರು, ಅಷ್ಟೇ ನಿಧಾನವಾಗಿ, ಲೆಕ್ಕ ಅರ್ಥವಾಗದವನಿಗೆ ಮೊದಲಿನಿಂದ ಹೇಳುವ ಹಾಗೆ. ಬಾಗಿಲು ಹಾಕಿದ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಧನ್ಯಾ ಕೆಳಗೆ ಬರಬೇಕಂತೆ ಎಂದು ಕರೆ ಬಂತು.

ಮೆಟ್ಟಿಲ ಬುಡದಲ್ಲಿ ಸುವರ್ಣಮ್ಮ ನಿಂತಿದ್ದರು. ಟ್ರೇಯನ್ನು ಎದೆಗೆ ಅವುಚಿಕೊಂಡಿದ್ದರು.

"ನಾನೇನೂ ಯೋಳಿಲ್ಲ ಕಣವ್ವ," ಎಂದರು.

"ಗೊತ್ತು ಸಿಸ್ಟರ್. ನೀವೇನೂ ಯೋಳಲ್ಲ."

ಅನುಭವದ ಸರ್ಟಿಫಿಕೇಟ್ ಅವಳಿಗೆ ಸಿಗಲಿಲ್ಲ. ಅದು ಸಿಗುವುದಿಲ್ಲ ಎಂದು ಆ ಮೆಟ್ಟಿಲು ಇಳಿಯುವಾಗಲೇ ಅವಳಿಗೆ ಗೊತ್ತಿತ್ತು. ಡಾಕ್ಟರ ಕೋಣೆಯ ಬಾಗಿಲು ಹಾಕಲು ಆಗದ ಹಾಗೆ ಮೇಷ್ಟ್ರು ಹೊಸ್ತಿಲ ಮೇಲೆ ನಿಂತಿದ್ದರು, ಒಂದು ಕೈ ಬಾಗಿಲಿಗೆ, ಒಂದು ಕೈ ಬಲ ತೊಡೆಸಂದಿಗೆ. ಬೆಂಚುಗಳ ಮೇಲಿನ ಜನ ಎದ್ದು ನಿಂತಿದ್ದರು. ಕಾಫಿ ಫ್ಲಾಸ್ಕ್ ಹಿಡಿದ ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದರು. ಶ್ರೀಗೌರಿ ಒಳಗಿನಿಂದ ಎದ್ದು ಬಂದು, ಮೇಷ್ಟ್ರಿಗೆ ಹೇಗೆ ಗೊತ್ತಾಯಿತು ಎಂದು ಯಾರಾದರೂ ತನಗೆ ಹೇಳುತ್ತೀರಾ ಎಂಬಂತೆ ಒಬ್ಬೊಬ್ಬರನ್ನೇ ನೋಡುತ್ತಿದ್ದರು.

"ಇವರಿಗೆ ಹೇಳಿದ್ದು ನೀನಾ?" ಎಂದು ಕೇಳಿದರು ಡಾಕ್ಟರ್.

ಧನ್ಯಾ ಮೇಷ್ಟ್ರ ಪಕ್ಕ ಬಂದು ನಿಂತಳು.

"ಹೂಂ ಸಾರ್. ನಾನೇ," ಎಂದಳು.